ಇಶ್ವಾಲ್ ಯುದ್ಧದ ಕುರಿತ ಲೇಖನಕ್ಕೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹಿರೋಮು ಅರಕಾವಾ ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಮಾಂಗಾದಲ್ಲಿ (ಜಪಾನಿ ಚಿತ್ರಕಥೆಯಲ್ಲಿ) ಬರುವ ಇಶ್ವಾಲ್ ಯುದ್ಧದ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. ಸೈನಿಕನೊಬ್ಬ ಇಶ್ವಾಲ್ ಜನಾಂಗದ ಮಗುವನ್ನು ಗುಂಡಿಟ್ಟು ಕೊಂದದ್ದರಿಂದ ಹೊತ್ತಿಕೊಂಡ ದಂಗೆ ನರಮೇಧದಲ್ಲಿ ಮುಗಿಯುತ್ತದೆ. ಆ ಜನರ ಮೇಲೆ ಬೆಂಕಿ ಸುರಿದ ಸೇನಾಧಿಕಾರಿ ಮಸ್ಟಾಂಗ್‌ನನ್ನು ‘ಇಶ್ವಾಲ್‌ನ ವೀರ’ ಎಂದು ಕೊಂಡಾಡಿದರೆ, ಇಶ್ವಾಲರ ಗಾಯಗಳಿಗೆ ಆರೈಕೆ ಮಾಡುತ್ತಿದ್ದ ವೈದ್ಯ ದಂಪತಿ ತಾವೇ ಬದುಕಿಸಿದವನ ಕೈಯಲ್ಲಿ ಸಾಯುತ್ತಾರೆ. ಆ ಪುಟಗಳನ್ನು ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ.

ಲೇಖಕಿ ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದವರು. ಲೇಖನದ ಹಿನ್ನೆಲೆಗಾಗಿ, ಅಲ್ಲಿನ ಮೂಲನಿವಾಸಿಗಳಾದ ಐನು ಜನರನ್ನು ‘ರಕ್ಷಿಸುವ’ ಹೆಸರಿನಲ್ಲಿ 1899ರಲ್ಲಿ ಬಂದು 1997ರವರೆಗೂ ಉಳಿದ ಕಾನೂನಿನ ಕುರಿತು ಸುಲಭವಾಗಿ ಓದಬಹುದಾದ ಪುಸ್ತಕವಿದ್ದರೆ ದಯವಿಟ್ಟು ತಿಳಿಸಿ. ಇನ್ನೊಂದು ಪ್ರಶ್ನೆ: ಕಥೆಯ ದೇಶದ ಮುಖ್ಯಸ್ಥನಿಗೆ ಜಪಾನಿ ಮೂಲದಲ್ಲಿ ‘ದೈಸೋತೊ’ ಎಂದಿರುವ ಪದವಿಯನ್ನು ಇಂಗ್ಲಿಷ್ ಅನುವಾದ ಹಿಟ್ಲರನ ‘ಫ್ಯೂರರ್’ ಎಂದೇ ಕರೆದಿದೆ. ಕನ್ನಡದಲ್ಲಿ ‘ಮಹಾಧ್ಯಕ್ಷ’ ಎಂದರೆ ಸರಿಹೋಗುವುದೇ ಎಂಬುದನ್ನು ಜಪಾನಿ ಬಲ್ಲವರು ಹೇಳಿದರೆ ಬಹಳ ಉಪಕಾರವಾಗುತ್ತದೆ.