ಸಹಾಯ ಬೇಕು: ಸಫ್ರಾನ್‌ಬೊಲು ಊರಿನ ಚರ್ಮದ ಜೋಡು ಯಾರು ಕೊಳ್ತಿದ್ರು?

ನಮಸ್ಕಾರ ಎಲ್ರಿಗೂ, ಟರ್ಕಿಯ ಸಫ್ರಾನ್‌ಬೊಲು ಬಗ್ಗೆ ಎಂಎ ಸೆಮಿನಾರ್ ಇದೆ, ಒಂದ್ಕಡೆ ಸಿಕ್ಕಾಕೊಂಡಿದೀನಿ. ಆಟೊಮನ್ ಕಾಲದಲ್ಲಿ ಕ್ಯಾರವಾನ್‌ಗಳು (ಸರಕು ಹೊತ್ತು ಹೋಗೋ ವ್ಯಾಪಾರಿಗಳ ತಂಡಗಳು) ತಂಗ್ತಿದ್ದ ಊರು, 17ನೇ ಶತಮಾನದ ಜಿಂಜಿ ಹಾನ್ ಅನ್ನೋ ಕಲ್ಲಿನ ಛತ್ರ ಇನ್ನೂ ನಿಂತಿದೆ, ನಡುವೆ ಅಂಗಳ ಸುತ್ತ ಕೋಣೆಗಳು, ನೋಡಿದ್ರೆ ಕೋಟೆನೇ ಬಿಡಿ. ಹತ್ರದಲ್ಲೇ ಯೆಮೆನಿ ಅನ್ನೋ ಚರ್ಮದ ಜೋಡು ಹೊಲಿಯೋರ ಬಜಾರು, ಕೆಳಗೆ ಹಳ್ಳದ ಕಡೆ ಚರ್ಮ ಹದ ಮಾಡೋ ಜಾಗ. ಊರಿನ ದುಡ್ಡು ಅಂದ್ರೆ ಎಲ್ರೂ ಕೇಸರಿ ಬೆಳೆ, ಕೇಸರಿ ಬೆಳೆ ಅಂತಾರೆ, ನಂಗೇನೋ ಊರಿನ ದುಡ್ಡು ಚರ್ಮದಿಂದ್ಲೂ ಚೆನ್ನಾಗೇ ಬಂದಂಗೆ ಕಾಣುತ್ತೆ. 1994ರಲ್ಲಿ ಈ ಊರು ಸೇರಿದ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯ ವಿವರಣೆ ಓದ್ದೆ, ಟರ್ಕಿಶ್ ಲೇಖನಗಳನ್ನ ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕ್ದೆ, ಬರೀ ಮನೆ ಮಸೀದಿ ವಿಷ್ಯನೇ ಬರುತ್ತೆ. ಈ ಜೋಡು ಕೊಳ್ತಿದ್ದೋರು ಸುತ್ತಲಿನ ಹಳ್ಳಿಯೋರಾ, ಇಲ್ಲ ಕ್ಯಾರವಾನ್ ಜೊತೆ ಇಸ್ತಾಂಬುಲ್‌ಗೂ ಹೋಗ್ತಿತ್ತಾ? ಇದಕ್ಕೆ ಯಾವ ಥರದ ದಾಖಲೆ ನೋಡ್ಬೇಕು, ಗೊತ್ತಿರೋರು ಹೇಳಿ ಪ್ಲೀಸ್.