ಪರಿಶುದ್ಧತೆ ಒಮ್ಮೆಗೇ ದೊರೆಯುವುದೇ, ಜೀವಮಾನವಿಡೀ ಬೆಳೆಯುವುದೇ?

ಪ್ರಶ್ನೆ (ಕಾಪು, ಉಡುಪಿ ಜಿಲ್ಲೆ)

ನಾನು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟೆಂಟ್ ಸಭೆ) ಸಭೆಯ ಸದಸ್ಯ. ಇತ್ತೀಚೆಗೆ ಮನೆಕೂಟವೊಂದರಲ್ಲಿ ಪ್ರಸಂಗ ಮಾಡಿದವರು ಯೋಹಾನನ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದ 9ನೆಯ ವಚನವನ್ನು ಎತ್ತಿಕೊಂಡು, ದೇವರಿಂದ ಹೊಸದಾಗಿ ಹುಟ್ಟಿದವನು ಪಾಪ ಮಾಡಲಾರನು, ಮಾಡುತ್ತಿದ್ದರೆ ಅವನ ರಕ್ಷಣೆಯನ್ನೇ ಸಂದೇಹಿಸಬೇಕು ಎಂದರು. ಮನೆಗೆ ಬಂದು ಅದೇ ಪತ್ರಿಕೆಯನ್ನು ಮೊದಲಿನಿಂದ ಓದಿದರೆ, ತಮ್ಮಲ್ಲಿ ಪಾಪವಿಲ್ಲವೆನ್ನುವವರು ತಮ್ಮನ್ನೇ ಮೋಸಗೊಳಿಸಿಕೊಳ್ಳುತ್ತಾರೆ ಎಂದು 1ನೆಯ ಅಧ್ಯಾಯದಲ್ಲಿಯೇ ಇದೆ. ಈಸ್ಟರಿಗೆ ಮುಂಚಿನ ಶ್ರಮದ ದಿನಗಳಲ್ಲಿ ಉಪವಾಸ, ಪ್ರಾರ್ಥನೆಗಳನ್ನು ತಪ್ಪಿಸದೆ ನಡೆಸಿಕೊಂಡು ಬಂದಿದ್ದರೂ ಈಸ್ಟರ್ ಕಳೆಯುತ್ತಲೇ ಹಳೆಯ ಸಿಟ್ಟು, ಹಳೆಯ ಅಸೂಯೆ ಮರಳುತ್ತವೆ. ಜಾಗದ ಪಾಲಿನ ವಿಷಯದಲ್ಲಿ ಅಣ್ಣನೊಡನೆ ನಿಂತುಹೋದ ಮಾತು ಇನ್ನೂ ಆರಂಭವಾಗಿಲ್ಲ. ಶುದ್ಧೀಕರಣವೆಂಬುದು ಶಿಲುಬೆಯಲ್ಲಿ ಮುಗಿದ ಕೆಲಸವಾದರೆ ನನ್ನಲ್ಲಿ ಉಳಿದಿರುವುದು ಏನು? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1 (ಬಲ್ಮಠ, ಮಂಗಳೂರು)

ಎರಡು ವಚನಗಳೂ ಒಂದೇ ಪತ್ರಿಕೆಯಲ್ಲಿರುವುದರಿಂದ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಹಾಗಿಲ್ಲ. ತಮಗೆ ಪಾಪವೇ ಇಲ್ಲವೆಂದು ಹೇಳಿಕೊಳ್ಳುವವರಿಗೂ, ಬೆಳಕಿನಲ್ಲಿದ್ದೇನೆಂದು ಹೇಳುತ್ತ ಸಹೋದರನನ್ನು ದ್ವೇಷಿಸುವವರಿಗೂ ಯೋಹಾನನು ಒಟ್ಟಿಗೇ ಉತ್ತರ ಕೊಡುತ್ತಿದ್ದಾನೆ. ಪಾಪದಲ್ಲಿ ನೆಮ್ಮದಿಯಾಗಿ ಬಾಳಿಕೊಂಡಿರಲು ದೇವರ ಮಗುವಿಗೆ ಸಾಧ್ಯವಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯವೇ ಹೊರತು ಅವನೆಂದೂ ಎಡವುವುದಿಲ್ಲ ಎಂದಲ್ಲ. ಎಡವಿದವರಿಗಾಗಿ ತಂದೆಯ ಬಳಿ ಯೇಸು ಕ್ರಿಸ್ತನಿದ್ದಾನೆ ಎಂದು 2ನೆಯ ಅಧ್ಯಾಯದ ಆರಂಭದಲ್ಲಿಯೇ ಹೇಳಿಯಾಗಿದೆ.

ನಿಮ್ಮ ಪ್ರಶ್ನೆಗೆ ನೇರವಾದ ಉತ್ತರ ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿದೆ. ಯೇಸು ಶಿಷ್ಯರ ಕಾಲು ತೊಳೆಯಲು ಬಂದಾಗ ಪೇತ್ರನು ಮೊದಲು ಬೇಡವೆನ್ನುತ್ತಾನೆ, ಬೈಸಿಕೊಂಡ ಮೇಲೆ ಕೈಯನ್ನೂ ತಲೆಯನ್ನೂ ತೊಳೆ ಎನ್ನುತ್ತಾನೆ. ಸ್ನಾನ ಮಾಡಿದವನು ಕಾಲು ತೊಳೆದುಕೊಂಡರೆ ಸಾಕು ಎಂಬುದು ಯೇಸುವಿನ ಉತ್ತರ. ಕ್ರಿಸ್ತನಲ್ಲಿ ನಾವು ನೀತಿವಂತರೆಂದು ಎಣಿಸಲ್ಪಟ್ಟದ್ದು ಆ ಸ್ನಾನ. ಅದನ್ನು ಪ್ರತಿ ಈಸ್ಟರಿಗೆ ಹೊಸದಾಗಿ ಮಾಡಬೇಕಾಗಿಲ್ಲ. ಕಾಲನ್ನು ಮಾತ್ರ ದಿನವೂ ತೊಳೆಯಬೇಕು. ವಿಶ್ವಾಸಿಯ ಇಡೀ ಜೀವಮಾನವೇ ಪಶ್ಚಾತ್ತಾಪವಾಗಿರಬೇಕೆಂಬುದು 1517ರಲ್ಲಿ ಪ್ರೊಟೆಸ್ಟೆಂಟ್ ಸುಧಾರಣೆಯ ನಾಯಕ ಲೂಥರ್ ಮಂಡಿಸಿದ 95 ವಾದಗಳಲ್ಲಿ ಮೊದಲನೆಯದು.

ಇನ್ನೊಂದು ಮಾತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನಿಯ ಭಕ್ತಿಪಂಥದಲ್ಲಿ (ಪ್ರೊಟೆಸ್ಟೆಂಟರಲ್ಲಿ ವೈಯಕ್ತಿಕ ಭಕ್ತಿಗೆ ಒತ್ತು ಕೊಟ್ಟ ಪಯಟಿಸಂ ಚಳವಳಿ) ಬೆಳೆದವರು. ಅವರ ಸಭೆಗಳಲ್ಲಿ ಶಿಸ್ತು ಬಿಗಿಯಾಗಿತ್ತು, ತಪ್ಪಿದವರನ್ನು ಕರ್ತನ ಭೋಜನದಿಂದ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ) ದೂರವಿಡುವ ಪದ್ಧತಿಯೂ ಇತ್ತು. ನಮ್ಮ ಹಳೆಯ ಕುಟುಂಬಗಳಲ್ಲಿ ಪರಿಶುದ್ಧತೆಯೆಂದರೆ ಕುಡಿಯದಿರುವುದು, ಆರಾಧನೆ ತಪ್ಪಿಸದಿರುವುದು ಎಂಬ ಎಣಿಕೆ ಗಟ್ಟಿಯಾಗಿ ನಿಂತಿರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಅನಿಸಿಕೆ. ಅಸೂಯೆಗೆ ಯಾವ ಸಭೆಯೂ ಶಿಸ್ತುಕ್ರಮ ಕೈಗೊಂಡದ್ದನ್ನು ನಾನಂತೂ ಕೇಳಿಲ್ಲ.

ಉತ್ತರ 2 (ಬೆಂದೂರು, ಮಂಗಳೂರು)

ನಾನು ಕಥೋಲಿಕಳು, ಮೇಲಿನವರ ಉತ್ತರದಲ್ಲಿ ಒಂದಂಶಕ್ಕೆ ನನ್ನ ಒಪ್ಪಿಗೆಯಿಲ್ಲ. ದೇವರು ನಮ್ಮನ್ನು ನೀತಿವಂತರೆಂದು ಎಣಿಸುವುದಷ್ಟೇ ಅಲ್ಲ, ವರಪ್ರಸಾದದಿಂದ, ಅಂದರೆ ತನ್ನ ಕೃಪೆಯಿಂದ, ಒಳಗಿನಿಂದಲೇ ಹೊಸಬರನ್ನಾಗಿ ಮಾಡುತ್ತಾನೆ ಎಂಬುದು 1547ರಲ್ಲಿ ನಮ್ಮ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ ನಿರ್ಣಯಿಸಿದ ಬೋಧನೆ. ಗುರುಗಳ ಮುಂದೆ ಮಾಡುವ ಪಾಪನಿವೇದನೆಯಲ್ಲಿ ಕ್ಷಮೆ ದೊರೆತ ಮೇಲೂ ಪಾಪದಿಂದಾದ ಹಾನಿ ಉಳಿದಿರುತ್ತದೆ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು. ಇಲ್ಲಿ ಮುಗಿಯದೆ ಉಳಿದ ಶುದ್ಧೀಕರಣವು ಮರಣಾನಂತರ ಪೂರ್ಣವಾಗುತ್ತದೆಂದು ನಾವು ನಂಬುತ್ತೇವೆ, ನೀವು ನಂಬುವುದಿಲ್ಲ; ಆ ಚರ್ಚೆ ಇಲ್ಲಿ ಬೇಡ.

ಆದರೆ ನಿಮಗೂ ಉಪಯೋಗಕ್ಕೆ ಬರಬಹುದಾದ ಒಂದು ಕ್ರಮವನ್ನು ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಹೇಳಿಕೊಟ್ಟಿದ್ದಾರೆ. ಎಲ್ಲ ದೋಷಗಳ ಮೇಲೆ ಒಮ್ಮೆಗೇ ಯುದ್ಧ ಹೂಡದೆ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಬೆಳಿಗ್ಗೆ ಏಳುತ್ತಲೇ ಅದನ್ನು ನೆನೆದು ಎಚ್ಚರವಾಗಿರಲು ನಿಶ್ಚಯಿಸಬೇಕು. ಮಧ್ಯಾಹ್ನದ ಊಟದ ಬಳಿಕ ಒಮ್ಮೆ, ರಾತ್ರಿ ಊಟದ ಬಳಿಕ ಒಮ್ಮೆ ಹಿಂದಿರುಗಿ ನೋಡಿ, ಸೋತಷ್ಟು ಬಾರಿ ಕಾಗದದ ಗೆರೆಯ ಮೇಲೆ ಚುಕ್ಕೆ ಇಡಬೇಕು. ಮಧ್ಯಾಹ್ನದ ಮತ್ತು ರಾತ್ರಿಯ ಗೆರೆಗಳನ್ನು, ಅನಂತರ ದಿನದೊಡನೆ ದಿನವನ್ನು, ವಾರದೊಡನೆ ವಾರವನ್ನು ಹೋಲಿಸಬೇಕು. ಇದಕ್ಕೆ ತಪಸ್ಸುಕಾಲವೇ (ನೀವು ಹೇಳುವ ಶ್ರಮದ ದಿನಗಳೇ) ಬರಬೇಕೆಂದಿಲ್ಲ.

ಉತ್ತರ 3 (ಮಣಿಪಾಲ)

ಮನೆಕೂಟದಲ್ಲಿ ಪ್ರಸಂಗ ಮಾಡಿದವರ ಬೋಧನೆಯ ಬೇರು ಎಲ್ಲಿದೆಯೆಂಬುದನ್ನಷ್ಟೇ ತಿಳಿಸುತ್ತೇನೆ. ಈ ಲೋಕದಲ್ಲಿಯೇ ಪ್ರೀತಿಯಲ್ಲಿ ಪರಿಪೂರ್ಣರಾಗಲು ಸಾಧ್ಯವೆಂದು 18ನೆಯ ಶತಮಾನದಲ್ಲಿ ಬೋಧಿಸಿದವರು ಮೆಥಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ. ಅಮೆರಿಕದ ಪರಿಶುದ್ಧತೆಯ ಚಳವಳಿಯ ಮೂಲಕ ಅದು ಅನೇಕ ಪೆಂತೆಕೋಸ್ತ್ ಸಭೆಗಳನ್ನು ತಲುಪಿತು. ಆದರೆ ವೆಸ್ಲಿ ಪಾಪವೆಂದು ಮುಖ್ಯವಾಗಿ ಕರೆದದ್ದು ತಿಳಿದೂ ತಿಳಿದೂ ದೇವರ ಆಜ್ಞೆಯನ್ನು ಮೀರುವುದನ್ನು. ಅರಿಯದೆ ಮಾಡುವ ತಪ್ಪುಗಳಿಗೂ ಕ್ರಿಸ್ತನ ರಕ್ತ ಬೇಕೆಂದೇ ಅವರು ಹೇಳಿದರು. ತಮ್ಮ ಅನುಯಾಯಿಗಳನ್ನು ಸುಮಾರು ಹನ್ನೆರಡು ಜನರ ಗುಂಪುಗಳಾಗಿ ಮಾಡಿ ವಾರಕ್ಕೊಮ್ಮೆ ಒಬ್ಬೊಬ್ಬರ ಆತ್ಮದ ಸ್ಥಿತಿಯನ್ನು ವಿಚಾರಿಸುವ ಏರ್ಪಾಡನ್ನೂ ಮಾಡಿದರು. ಆ ಏರ್ಪಾಡು ಬಿಟ್ಟುಹೋಗಿ ಬೋಧನೆ ಮಾತ್ರ ಉಳಿದಲ್ಲಿ ಅದು ಬೆದರಿಕೆಯಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಹಾಗಾದರೆ ಅಣ್ಣನೊಡನೆ ಸಮಾಧಾನವಾಗುವ ತನಕ ನಾನು ಕರ್ತನ ಭೋಜನದಿಂದ ದೂರವಿರಬೇಕೇ? ಅವನು ಫೋನ್ ಎತ್ತುವುದಿಲ್ಲ.

ಉತ್ತರ 1 ಬರೆದವರು

ದೂರವಿರಬೇಕಾಗಿಲ್ಲ. ಪೌಲನು ಕೊರಿಂಥದವರಿಗೆ ಹೇಳಿದ್ದು ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎಂದೇ. ಪರೀಕ್ಷಿಸಿಕೊಂಡು ಎದ್ದುಹೋಗಲಿ ಎಂದಲ್ಲ. ಆದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಒಂದಾಗು ಎಂಬ ಮತ್ತಾಯ 5ರ ಮಾತನ್ನೂ ತೆಗೆದುಹಾಕುವಂತಿಲ್ಲ. ಇವೆರಡರ ನಡುವೆ ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯವು, ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ ಸಮಾಧಾನದಿಂದಿರಿ ಎಂದು ಮಿತಿಯನ್ನೂ ಹೇಳಿದೆ. ಅಣ್ಣನ ಮನಸ್ಸಿನ ಲೆಕ್ಕವನ್ನು ನೀವು ಒಪ್ಪಿಸಬೇಕಾಗಿಲ್ಲ.

1950ರ ಸಿ.ಎಸ್.ಐ. ಆರಾಧನಾಕ್ರಮದಲ್ಲಿ ಭೋಜನಕ್ಕೆ ಮುಂಚೆ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಭಾಗವೊಂದಿದೆ: ಪಕ್ಕದವರ ಕೈಗಳನ್ನು ನಮ್ಮ ಕೈಗಳಲ್ಲಿ ಹಿಡಿಯುತ್ತೇವೆ. ಅನೇಕರು ಅದನ್ನು ಅವಸರದಲ್ಲಿ ಮುಗಿಸಿಬಿಡುತ್ತಾರೆ. ಪಾಲಿನ ಹಕ್ಕನ್ನು ನೀವು ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ, ಅದು ವಕೀಲರ ಬಳಿಯೇ ಇರಲಿ. ಜಾಗದ ಸುದ್ದಿಯನ್ನೇ ಎತ್ತದೆ, ಅತ್ತಿಗೆ ಮತ್ತು ಮಕ್ಕಳ ಕ್ಷೇಮ ವಿಚಾರಿಸಿ ನಾಲ್ಕು ಸಾಲಿನ ಕಾಗದವೊಂದನ್ನು ಬರೆಯಿರಿ. ಉತ್ತರ ಬಾರದಿದ್ದರೂ ಬರುವ ಭಾನುವಾರ ಭೋಜನಕ್ಕೆ ಹೋಗಿ.