ಅಪ್‌ಡೇಟ್: ಟೀಚರ್ ಪಿಯಾನೋದ ಕೀಗಳು ಈಗ ಮೇಲೇಳುತ್ತಿವೆ

ಚಿಕ್ಕಂದಿನಲ್ಲಿ ಪಾಠ ಹೇಳಿದ ಟೀಚರ್ ಬಿಟ್ಟುಹೋದ ಹಳೇ ಅಪ್‌ರೈಟ್ ಪಿಯಾನೋದಲ್ಲಿ, ಮಂಗಳೂರಿನ ಮಳೆಗಾಲ ಬಂದರೆ ಒತ್ತಿದ ಕೀ ಮೇಲೇಳುವುದಿಲ್ಲ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಮನಸಾರೆ ಧನ್ಯವಾದ. ಇದೇ ತೊಂದರೆ ಇರುವವರಿಗಾಗಿ ವಿವರ ಬರೆಯುತ್ತಿದ್ದೇನೆ.

ಮೊದಲು ದೋಷ ಎಲ್ಲಿದೆ ಎಂದು ನೋಡಿಕೊಳ್ಳಿ. ಮುಂದಿನ ಹಲಗೆ ತೆಗೆದು ಕೀ ಒತ್ತಿ ಬಿಡಿ. ಕೀ ವಾಪಸ್ ಬಂದು ತಂತಿಗೆ ಬಡಿಯುವ ಸುತ್ತಿಗೆ ಮಾತ್ರ ನಿಧಾನವಾದರೆ, ಸುತ್ತಿಗೆಯ ಬುಡದ ಸಣ್ಣ ಪಿನ್ ಬಿಗಿಯಾಗಿದೆ. ಅದು ಟೆಕ್ನಿಷಿಯನ್ ಕೆಲಸ. ಕೀಯೇ ಕೆಳಗುಳಿದರೆ ಅದನ್ನು ಮೇಲಕ್ಕೆತ್ತಿ ತೆಗೆಯಿರಿ. ಅಡಿಯಲ್ಲಿ, ಮುಂತುದಿಯ ಹತ್ತಿರ ಒಂದು ಸೀಳು, ಅದರ ಎರಡೂ ಬದಿಗೆ ಅಂಟಿಸಿದ ಫೆಲ್ಟ್ ಬಟ್ಟೆ ಕಾಣುತ್ತದೆ. ಮರ ತೇವ ಹೀರಿ ಉಬ್ಬಿದಾಗ ಈ ಫೆಲ್ಟ್, ಸೀಳಿನೊಳಗೆ ನಿಂತು ಕೀಯನ್ನು ನೇರವಾಗಿಡುವ ಗೈಡ್ ಪಿನ್ ಅನ್ನು ಹಿಡಿದುಕೊಳ್ಳುತ್ತದೆ. ಇದಕ್ಕೆಂದೇ ಇರುವ ಇಕ್ಕಳದಿಂದ ಫೆಲ್ಟನ್ನು ಸ್ವಲ್ಪವೇ ಒತ್ತಬೇಕು. ಕೀ ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಿದರೆ ಸಾಕು. ಜಾಸ್ತಿ ಒತ್ತಿದರೆ ನುಡಿಸುವಾಗ ಕಟಕಟ ಎನ್ನುತ್ತದೆ, ಆಗ ಫೆಲ್ಟನ್ನೇ ಬದಲಿಸಬೇಕಾಗುತ್ತದೆ. ಎಣ್ಣೆ ಮಾತ್ರ ಖಂಡಿತ ಬೇಡ, ಫೆಲ್ಟ್ ಅದನ್ನು ಕುಡಿದು ಧೂಳು ಹಿಡಿದು ಇನ್ನಷ್ಟು ಅಂಟುತ್ತದೆ. ಕೀಗಳ ಮೇಲೆ ನಂಬರ್ ಇರುತ್ತದೆ, ಅದೇ ಕ್ರಮದಲ್ಲಿ ಜೋಡಿಸಿ.

ಶ್ರುತಿಯೂ ಅರ್ಧ ಸ್ವರ ಇಳಿದಿತ್ತು. ತಂತಿಗಳ ಒಟ್ಟು ಎಳೆತ ಹಲವು ಟನ್ ಇರುವುದರಿಂದ ಎ ಸ್ವರದ ಪ್ರಮಾಣ ಶ್ರುತಿಯಾದ 440 ಹರ್ಟ್ಸ್‌ಗೆ ಒಂದೇ ಸಲ ಏರಿಸಿದರೆ ನಿಲ್ಲುವುದಿಲ್ಲ, ತುಕ್ಕು ಹಿಡಿದ ತಂತಿ ತುಂಡಾಗುವ ಭಯ ಬೇರೆ. ಮೊದಲು ಒರಟಾಗಿ ಏರಿಸಿ, ಆಮೇಲೆ ಸೂಕ್ಷ್ಮವಾಗಿ ಕೂಡಿಸಿದ್ದಾಯಿತು. ಮಳೆ ನೀರು ಒಸರುವ ಗೋಡೆಯಿಂದ ಪಿಯಾನೋವನ್ನು ದೂರ ಸರಿಸಿದ್ದೇವೆ. ಟೀಚರ್ ಪೆನ್ಸಿಲ್‌ನಲ್ಲಿ ಬೆರಳಿನ ನಂಬರ್ ಬರೆದಿದ್ದ ಪುಸ್ತಕಗಳನ್ನು ಪಿಯಾನೋದ ಒಳಗಿಡದೆ ಒಣ ಕಪಾಟಿಗೆ ಸಾಗಿಸಿದ್ದೇವೆ.